ಸೋಮ, ಸೋಮ, ಮಂಗಳ… ಶುಕ್ರ, ಶುಕ್ರ: ರಜೆಯಿಲ್ಲದ ನೌಕಾ ಪೈಲಟ್‌ಗಳು

(ಕಾರವಾರದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಬರೆದಿಡುವಾಗ ಕೆಲವು ಪುನರಾವರ್ತನೆಗಳನ್ನು ತೆಗೆದಿದ್ದೇನೆ, ಅಂದು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ಮಾತಿನ ಧಾಟಿ ಹಾಗೇ ಇದೆ.)

ಸೋಮ, ಸೋಮ, ಮಂಗಳ, ಬುಧ, ಗುರು, ಶುಕ್ರ, ಶುಕ್ರ.

ಬಾಯಿ ತಪ್ಪಿ ಹೇಳಿದ್ದಲ್ಲ. ಜಪಾನಿನ ನೌಕಾಪಡೆಯವರು ವಾರವನ್ನು ಎಣಿಸುತ್ತಿದ್ದದ್ದೇ ಹೀಗೆ. ‘ಗೆತ್ಸು ಗೆತ್ಸು ಕಾ ಸುಯಿ ಮೊಕು ಕಿನ್ ಕಿನ್.’ ಭಾನುವಾರ ಇರಬೇಕಾದ ಕಡೆ ಇನ್ನೊಂದು ಸೋಮವಾರ, ಶನಿವಾರ ಇರಬೇಕಾದ ಕಡೆ ಇನ್ನೊಂದು ಶುಕ್ರವಾರ. 1905ರಲ್ಲಿ ರಷ್ಯಾವನ್ನು ಕಡಲಿನಲ್ಲಿ ಸೋಲಿಸಿದ ಮೇಲೂ ಅಭ್ಯಾಸ ಸಡಿಲಾಗಬಾರದು ಎಂಬ ಹಟದಿಂದ ಹುಟ್ಟಿದ ಮಾತು ಇದು ಅನ್ನುತ್ತಾರೆ. ಹುಡುಗರು ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ನಮಗೆ ವಾರಾಂತ್ಯ ಇಲ್ಲ, ನಮ್ಮ ಕೆಲಸ ಅಂಥದ್ದು ಅಂತ.

ಈ ಊರಿನಲ್ಲಿ ನಿಂತು ರಜೆಯ ಬಗ್ಗೆ ಮಾತಾಡುವಾಗ ನನಗೆ ಸ್ವಲ್ಪ ಅಳುಕೇ ಇದೆ. ಇಲ್ಲಿ ಐಎನ್‌ಎಸ್ ಕದಂಬ ಇದೆ, ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಸಂಗ್ರಹಾಲಯ ಇದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ, ಪಕ್ಕದ ಮನೆಯಲ್ಲಿ ನೌಕಾಪಡೆಯವರಿದ್ದಾರೆ. ರಜೆ ಮಂಜೂರಾಯಿತು ಅನ್ನುವ ಫೋನು ಬಂದಾಗ ಆ ಮನೆಯ ಅಡುಗೆಮನೆಯಲ್ಲಿ ಏನಾಗುತ್ತದೆ, ರಜೆ ರದ್ದಾಯಿತು ಅಂದಾಗ ಏನಾಗುತ್ತದೆ, ನಾನು ಹೇಳಬೇಕಾಗಿಲ್ಲ. ಕೊಡಗಿನ ಕಡೆ ಹೋದರೆ ‘ಹುತ್ತರಿಗೆ ರಜೆ ಸಿಕ್ಕಿತಾ?’ ಅನ್ನುವುದು ಕುಶಲ ಪ್ರಶ್ನೆಯ ಹಾಗೆ ಬಳಕೆಯಲ್ಲಿದೆ. ನಮ್ಮ ಮನೆಯಲ್ಲೂ ಒಬ್ಬರು ಸೈನ್ಯದಲ್ಲಿದ್ದರು. 1971ರಲ್ಲಿ ಅವರು ಊಟಕ್ಕೆ ಕೂತಿದ್ದಾಗ ಕೂಡಲೇ ಹೊರಟು ಬಾ ಎಂಬ ತಂತಿ ಬಂತಂತೆ. ಆ ಊಟದ ಎಲೆಯನ್ನು ನಮ್ಮ ಅಜ್ಜಿ ಸಂಜೆಯವರೆಗೂ ತೆಗೆಯಲಿಲ್ಲ ಅಂತ ತಾಯಿ ಹೇಳುತ್ತಿದ್ದರು.

ಹಾಗಾಗಿ ರಜೆ ಅಂದರೆ ಮನೆಯವರ ವಿಷಯ, ಮನಸ್ಸಿನ ವಿಷಯ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ. ಎರಡನೇ ಮಹಾಯುದ್ಧದ ಜಪಾನಿ ನೌಕಾ ಪೈಲಟ್‌ಗಳ ಕಥೆ ಓದುತ್ತಾ ಹೋದ ಹಾಗೆ ಆ ತಿಳಿವಳಿಕೆ ಬದಲಾಯಿತು. ಅಲ್ಲಿ ರಜೆ ಎಂಬುದು ಪೆಟ್ರೋಲಿನ ಹಾಗೆ, ಗುಂಡಿನ ಹಾಗೆ ಯುದ್ಧದ ಸಾಮಗ್ರಿ. ಅದನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆದಿರಲಿಲ್ಲ. ಅದು ಮುಗಿದ ಮೇಲೆ ಮಿಕ್ಕ ಯಾವ ಸಾಮಗ್ರಿಯೂ ಉಪಯೋಗಕ್ಕೆ ಬರಲಿಲ್ಲ. ಇವತ್ತು ಹೇಳಬೇಕು ಅಂತ ಬಂದದ್ದು ಇಷ್ಟೇ. ಮಿಕ್ಕದ್ದೆಲ್ಲ ಅದು ಹೇಗಾಯಿತು ಅನ್ನುವ ಕಥೆ.

ಮೊದಲು ಈ ಹುಡುಗರು ಯಾರು ಅನ್ನುವುದನ್ನು ನೋಡೋಣ. ಜಪಾನಿ ನೌಕಾ ಪೈಲಟ್ ಅಂದ ಕೂಡಲೇ ನಮ್ಮ ಕಣ್ಣಿಗೆ ಅಧಿಕಾರಿಯ ಚಿತ್ರ ಬರುತ್ತದೆ. ನಿಜವಾಗಿ ಅವರಲ್ಲಿ ಬಹುಪಾಲು ಜನ ಕೆಳದರ್ಜೆಯವರು, ರೈತರ, ಸಣ್ಣ ಊರಿನವರ ಮಕ್ಕಳು. ಒಂದು ದಾರಿ, ಹಡಗಿನಲ್ಲಿ ನಾವಿಕನಾಗಿ ಸೇರಿ ಆಮೇಲೆ ಪೈಲಟ್ ಪರೀಕ್ಷೆ ಕಟ್ಟುವುದು. ಇನ್ನೊಂದು, 1930ರಲ್ಲಿ ಶುರುವಾದ ಯೊಕಾರೆನ್ ಎಂಬ ಶಾಲೆ. ಹದಿನೈದು ಹದಿನೇಳರ ಹುಡುಗರನ್ನು ತೆಗೆದುಕೊಂಡು, ಗಣಿತ, ಈಜು, ಶಿಸ್ತು ಎಲ್ಲ ಕಲಿಸಿ, ಕಡೆಗೆ ಕಸುಮಿಗೌರದಂಥ ನೆಲೆಗಳಲ್ಲಿ ವಿಮಾನ ಹತ್ತಿಸುತ್ತಿದ್ದರು. ಆಯ್ಕೆ ಕಠಿಣ, ಮಧ್ಯದಲ್ಲಿ ಹೊರಹಾಕುವುದು ಇನ್ನೂ ಕಠಿಣ. ಹಾಗಾಗಿ ಹೊರಬರುತ್ತಿದ್ದವರು ಕಡಿಮೆ, ಬಂದವರು ಅಸಾಧ್ಯ ನಿಪುಣರು. ಯುದ್ಧ ಶುರುವಾಗುವಾಗ ಮುಂಚೂಣಿಯ ನೌಕಾ ಪೈಲಟ್ ಸರಾಸರಿ 700 ಗಂಟೆಯ ಹತ್ತಿರ ಹಾರಾಟ ಮುಗಿಸಿದ್ದ. 1941ರ ಡಿಸೆಂಬರ್ 7ರಂದು ಆರು ವಿಮಾನವಾಹಕ ನೌಕೆಗಳಿಂದ ಎದ್ದು ಪರ್ಲ್ ಹಾರ್ಬರ್ ಮೇಲೆ ಎರಗಿದ ಸುಮಾರು 350 ವಿಮಾನಗಳಲ್ಲಿದ್ದವರು ಇವರು.

ಆ ಕಾಲದ ರಜೆಯ ನಿಯಮಗಳೂ ಅಷ್ಟೇ ಕಟ್ಟುನಿಟ್ಟು, ಆದರೆ ನಿಯಮ ಇತ್ತು. ಹಡಗು ಬಂದರಿಗೆ ಬಂದರೆ ‘ಹಾಂಗೆನ್ ಜೋರಿಕು’: ಹಡಗಿನ ಎಡ ಮಗ್ಗುಲಿನವರು ಒಂದು ದಿನ, ಬಲ ಮಗ್ಗುಲಿನವರು ಇನ್ನೊಂದು ದಿನ ದಡಕ್ಕೆ ಇಳಿಯಬಹುದು. ನನಗೆ ತುಂಬ ಇಷ್ಟವಾದದ್ದು ‘ನ್ಯೂತೋ ಜೋರಿಕು’ ಎಂಬ ಮಾತು. ಅರ್ಥ, ಸ್ನಾನಕ್ಕಾಗಿ ದಡಕ್ಕೆ ಇಳಿಯುವುದು. ಹಡಗಿನಲ್ಲಿ ಸಿಹಿನೀರು ಅಮೂಲ್ಯ, ಆದ್ದರಿಂದ ಹೋಗಿ ಊರಿನಲ್ಲಿ ಬಿಸಿನೀರು ಹಾಕಿಕೊಂಡು ಬೆಳಿಗ್ಗೆ ಬಾ ಅಂತ ಒಂದು ರಾತ್ರಿಯ ರಜೆ. ಕಾಗದದ ಮೇಲೆ ಅದು ನೀರಿನ ಉಳಿತಾಯ. ಹೆಂಡತಿ ಮಕ್ಕಳಿದ್ದವನಿಗೆ ಅದು ಮನೆಯ ಒಂದು ರಾತ್ರಿ. ಕಠಿಣ ನಿಯಮದ ಒಳಗೇ ಮನುಷ್ಯನಿಗೆ ಒಂದು ಕಿಂಡಿ ಇಟ್ಟಿದ್ದರು. ಆ ಕಿಂಡಿಗಳು ಒಂದೊಂದಾಗಿ ಮುಚ್ಚಿದ್ದನ್ನು ಈಗ ಹೇಳುತ್ತೇನೆ.

ಮೊದಲ ಕಿಂಡಿ ಮುಚ್ಚಿದ್ದು ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿ ಅಮೆರಿಕದೆದುರು ಆದ ಸೋಲಿನ ನಂತರ, 1942ರ ಜೂನಿನಲ್ಲಿ. ಒಂದೇ ಕದನದಲ್ಲಿ ನಾಲ್ಕು ವಿಮಾನವಾಹಕ ನೌಕೆಗಳು ಹೋದವು. ಸರ್ಕಾರ ಜನರಿಗೆ ಹೇಳಿದ್ದು ಒಂದು ಮುಳುಗಿತು, ಇನ್ನೊಂದಕ್ಕೆ ಪೆಟ್ಟಾಯಿತು ಅಂತ. ಸುಳ್ಳು ಹೇಳಿದ ಮೇಲೆ ಅದನ್ನು ಕಾಪಾಡಬೇಕಲ್ಲ, ನಿಜ ಕಂಡವರು ಮನೆಗೆ ಹೋಗುವಂತಿಲ್ಲ. ಪರ್ಲ್ ಹಾರ್ಬರ್ ದಾಳಿಯ ಮುಂದಾಳಾಗಿದ್ದ ಫುಚಿದಾ ಮಿಟ್ಸುವೊ ಮಿಡ್‌ವೇಯಲ್ಲಿ ಕಾಲು ಮುರಿದುಕೊಂಡಿದ್ದರು. ಯೊಕೊಸುಕಾದ ಆಸ್ಪತ್ರೆಗೆ ತನ್ನನ್ನು ರಾತ್ರಿ ಹೊತ್ತು, ಮುಚ್ಚಿದ ಸ್ಟ್ರೆಚರಿನಲ್ಲಿ, ಹಿಂಬಾಗಿಲಿನಿಂದ ಒಯ್ದರು ಎಂದು ಅವರು ಯುದ್ಧದ ನಂತರ ಹೇಳಿಕೊಂಡಿದ್ದಾರೆ. ಗಾಯಾಳುಗಳ ವಾರ್ಡಿಗೆ ಹೊರಗಿನವರ ಪ್ರವೇಶವಿಲ್ಲ, ಕಾಗದವಿಲ್ಲ. ಸೋತು ಬಂದವನಿಗೆ ತಾಯಿಯ ಮುಖ ನೋಡುವ ಅವಕಾಶವೂ ಇಲ್ಲದೆ ಹೋಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಮಿಡ್‌ವೇಯಲ್ಲಿ ಜಪಾನಿನ ಶ್ರೇಷ್ಠ ಪೈಲಟ್‌ಗಳೆಲ್ಲ ಸತ್ತರು, ಅಲ್ಲಿಗೆ ಕಥೆ ಮುಗಿಯಿತು ಅಂತ ಬಹಳ ಕಡೆ ಓದುತ್ತೇವೆ. ಲೆಕ್ಕ ಹಾಗಿಲ್ಲ. ಮಿಡ್‌ವೇಯಲ್ಲಿ ಸತ್ತ ವೈಮಾನಿಕ ಸಿಬ್ಬಂದಿ 110. ನಾಲ್ಕು ತಿಂಗಳ ನಂತರ, ಅಕ್ಟೋಬರ್ 26ರಂದು ಸಾಂತಾ ಕ್ರೂಜ಼್ ಕದನದಲ್ಲಿ ಸತ್ತವರು 148. ಆ ಕದನದಲ್ಲಿ ಅಮೆರಿಕದ ಹಾರ್ನೆಟ್ ನೌಕೆ ಮುಳುಗಿತ್ತು, ಲೆಕ್ಕಕ್ಕೆ ಗೆದ್ದದ್ದು ಜಪಾನ್. ಹಾಗೆ ಗೆದ್ದ ದಿನ ಮಿಡ್‌ವೇಗಿಂತ ಹೆಚ್ಚು ವೈಮಾನಿಕರು ಹೋದರು. ಮತ್ತೆ, ಈ ಎರಡು ದಿನಗಳಿಗಿಂತ ದೊಡ್ಡ ನಷ್ಟ ಯಾವ ಒಂದು ದಿನದಲ್ಲೂ ಆದದ್ದಲ್ಲ. ಅದು ತಿಂಗಳುಗಟ್ಟಲೆ, ದಿನಕ್ಕಿಬ್ಬರು ಮೂವರಂತೆ, ರಬೌಲ್ ಎಂಬಲ್ಲಿ ಆಯಿತು.

ರಬೌಲ್ ನ್ಯೂ ಬ್ರಿಟನ್ ದ್ವೀಪದ ತುದಿಯಲ್ಲಿದೆ, ಈಗಿನ ಪಾಪುವಾ ನ್ಯೂ ಗಿನಿ. ಚಂದದ ಬಂದರು. ಪಕ್ಕದಲ್ಲೇ ಹೊಗೆಯಾಡುವ ಜ್ವಾಲಾಮುಖಿ. ಜಪಾನಿಯರು ಅದಕ್ಕೆ ಹನಾಬುಕಿ ಬೆಟ್ಟ, ಹೂ ಚಿಮ್ಮುವ ಬೆಟ್ಟ ಅಂತ ಹೆಸರಿಟ್ಟಿದ್ದರು. ಹೆಸರು ಹೂವಿನದ್ದು, ಬೀಳುತ್ತಿದ್ದದ್ದು ಬೂದಿ. ಮಲೇರಿಯಾ, ಡೆಂಗಿ, ಭೇದಿ, ರಾತ್ರಿ ಶತ್ರು ಬಾಂಬರುಗಳ ಕಾಟ. ಅಲ್ಲಿಂದ, ಅಮೆರಿಕನ್ನರ ಜೊತೆ ಕಾದಾಟ ನಡೆಯುತ್ತಿದ್ದ ಗ್ವಾಡಲ್‌ಕೆನಾಲ್ ದ್ವೀಪ ಸಾವಿರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ. ನಿಮಗೆ ಅಂದಾಜು ಸಿಗಲಿ ಅಂತ ಹೇಳುತ್ತೇನೆ: ಕಾರವಾರದಿಂದ ಕಛ್‌ನ ಭುಜ್‌ವರೆಗೆ ಆಗುವಷ್ಟು ದೂರ. ಒಂದೇ ಎಂಜಿನ್ನಿನ, ಒಬ್ಬನೇ ಕೂರುವ ಝೀರೋ ವಿಮಾನದಲ್ಲಿ ಬೆಳಿಗ್ಗೆ ಇಲ್ಲಿಂದ ಎದ್ದು, ಕಡಲಿನ ಮೇಲೇ ಹಾರಿ ಭುಜ್ ತಲುಪಿ, ಅಲ್ಲಿ ಹದಿನೈದು ನಿಮಿಷದಷ್ಟು ಜೀವದ ಹೋರಾಟ ಮಾಡಿ, ಮತ್ತೆ ಅಷ್ಟೇ ದೂರ ಮರಳಬೇಕು. ಏಳೆಂಟು ಗಂಟೆ. ಎದ್ದು ನಿಲ್ಲುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ. ಮರುದಿನ ಹವೆ ಸರಿಯಿದ್ದರೆ ಮತ್ತೆ ಅದೇ.

ಸಕಾಯಿ ಸಬುರೊ ಎಂಬ ಪೈಲಟ್‌ನ ಹೆಸರು ನೀವು ಕೇಳಿರಬಹುದು. ಸಾಗಾ ಪ್ರಾಂತದ ಬಡ ರೈತ ಕುಟುಂಬದವರು, ನಾವಿಕನಾಗಿ ಸೇರಿ ಪೈಲಟ್ ಆದವರು. 1942ರ ಆಗಸ್ಟ್ 7ರಂದು, ಅಮೆರಿಕನ್ನರು ಗ್ವಾಡಲ್‌ಕೆನಾಲ್‌ನಲ್ಲಿ ಇಳಿದ ಮೊದಲ ದಿನವೇ, ಒಂದು ಬಾಂಬರ್ ಗುಂಪನ್ನು ಹಿಂಬಾಲಿಸಿ ಹೋದಾಗ ಅದರ ಹಿಂಬದಿಯ ಗನ್ನರ್‌ಗಳ ಗುಂಡು ಇವರ ತಲೆಗೆ ತಗುಲಿತು. ಬಲಗಣ್ಣು ಹೋಯಿತು, ಎಡ ಮೈ ಮರಗಟ್ಟಿತು. ಆ ಸ್ಥಿತಿಯಲ್ಲಿ 4 ಗಂಟೆ 47 ನಿಮಿಷ ಹಾರಿ ರಬೌಲ್‌ಗೆ ಬಂದಿಳಿದರು. ಇದನ್ನು ಸಾಹಸದ ಕಥೆಯಾಗಿ ಎಲ್ಲರೂ ಹೇಳುತ್ತಾರೆ, ಸಾಹಸವೂ ಹೌದು. ಆದರೆ ನನಗೆ ಇದರಲ್ಲಿ ಬೇರೆ ಒಂದು ಕಾಣುತ್ತದೆ. ಸಕಾಯಿಗೆ ಆ ಯುದ್ಧದಲ್ಲಿ ಸಿಕ್ಕ ನಿಜವಾದ ದೀರ್ಘ ರಜೆ ಎಂದರೆ ಆ ಗುಂಡು ಕೊಟ್ಟದ್ದು. ಗಾಯವಾದ್ದರಿಂದ ಜಪಾನಿಗೆ ಕಳಿಸಿದರು. ಅವರ ಜೊತೆಯವರಲ್ಲಿ ಗಾಯವಾಗದೆ ಚೆನ್ನಾಗಿ ಹಾರುತ್ತಿದ್ದವರು ಅಲ್ಲೇ ಉಳಿದರು. ಅವರ ತುಕಡಿಯ ನೆಚ್ಚಿನ ಅಧಿಕಾರಿ ಸಸಾಯಿ ಜುನಿಚಿ ಅದೇ ತಿಂಗಳ 26ರಂದು ಸತ್ತರು. ಒಳ್ಳೆಯ ಗೆಳೆಯ ಓತಾ ತೊಶಿಯೊ ಅಕ್ಟೋಬರಿನಲ್ಲಿ.

ಇಷ್ಟು ದಿನ ಕಾದಾಡಿದವನು ಇಷ್ಟು ದಿನ ವಿಶ್ರಾಂತಿ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಜಪಾನಿ ನೌಕಾಪಡೆ ಮಾಡಿಕೊಂಡಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಯಾರೂ ಎಂದೂ ಮರಳಲಿಲ್ಲ ಅಂತಲ್ಲ. ಸಕಾಯಿಯ ತುಕಡಿ, ತೈನಾನ್ ವಾಯುದಳ, 1942ರ ನವೆಂಬರಿನಲ್ಲಿ ತಾಯ್ನಾಡಿಗೆ ಮರಳಿತು. ಆದರೆ ಮರಳಿದ್ದು ಉಳಿದ ಬೆರಳೆಣಿಕೆಯ ಹಳಬರು. ಒಬ್ಬ ದಣಿದಾಗ ಅವನನ್ನು ಹಿಂದೆ ಕಳಿಸುವುದು ಅಲ್ಲಿಯ ಪದ್ಧತಿಯಲ್ಲ. ಇಡೀ ತುಕಡಿ ಸವೆದು ಉಪಯೋಗಕ್ಕೆ ಬಾರದಾದಾಗ ಉಳಿದದ್ದನ್ನು ಹಿಂದೆ ಕಳಿಸುವುದು ಪದ್ಧತಿ. ಆ ಉಳಿದವರ ಸುತ್ತ ಹೊಸ ಹುಡುಗರನ್ನು ಸೇರಿಸಿ, ಹೊಸ ಸಂಖ್ಯೆ ಕೊಟ್ಟು, 1943ರ ಮೇನಲ್ಲಿ ಮತ್ತೆ ರಬೌಲ್‌ಗೇ ಕಳಿಸಿದರು.

ಏಕೆ ಹೀಗೆ ಮಾಡಿದರು? ಅಧಿಕಾರಿಗಳೆಲ್ಲ ಕಲ್ಲು ಹೃದಯದವರು ಅಂತ ಹೇಳಿಬಿಟ್ಟರೆ ಸುಲಭ. ನನಗೆ ಹಾಗನಿಸುವುದಿಲ್ಲ. ಕಾರಣ ಆ ಕಠಿಣ ಆಯ್ಕೆಯಲ್ಲೇ ಇತ್ತು. ಕಡಿಮೆ ಜನರನ್ನು ತಯಾರು ಮಾಡಿದ್ದರು, ಬದಲಿಗೆ ಕಳಿಸಲು ಹಿಂದೆ ಯಾರೂ ಇರಲಿಲ್ಲ. ಅನುಭವಿ ಪೈಲಟ್‌ನನ್ನು ಮನೆಗೆ ಕಳಿಸಿದರೆ ನಾಳೆಯ ಹಾರಾಟ ಮುನ್ನಡೆಸುವವರು ಯಾರು? ಆದ್ದರಿಂದ ಇನ್ನೊಂದು ವಾರ, ಇನ್ನೊಂದು ತಿಂಗಳು. ಆ ಅನುಭವಿ ಶಾಲೆಗೆ ಹೋಗಿ ಪಾಠ ಹೇಳದ್ದರಿಂದ ಹೊಸಬರು ಅರೆಬರೆ ಕಲಿತು ಬಂದರು. ಅವರು ಬೇಗ ಸತ್ತರು. ಸತ್ತದ್ದರಿಂದ ಅನುಭವಿಯ ಮೇಲೆ ಇನ್ನಷ್ಟು ಭಾರ ಬಿತ್ತು. ನಮ್ಮ ಊರಿನಲ್ಲಿ ಬರಗಾಲದ ವರ್ಷ ಬಿತ್ತನೆಗೆ ಇಟ್ಟ ಭತ್ತವನ್ನೇ ಕುಟ್ಟಿ ಉಂಡರು ಅನ್ನುತ್ತಾರಲ್ಲ, ಅದೇ. ಉಣ್ಣುವವನಿಗೆ ಗೊತ್ತಿರುತ್ತದೆ. ಹಸಿವು ಇವತ್ತಿನದ್ದು.

ಎದುರು ಪಾಳೆಯದಲ್ಲಿ ಏನಾಗುತ್ತಿತ್ತು ನೋಡಿ. ಗ್ವಾಡಲ್‌ಕೆನಾಲ್‌ನ ಹೆಂಡರ್ಸನ್ ಫೀಲ್ಡಿನಲ್ಲಿದ್ದ ಅಮೆರಿಕನ್ನರೂ ಅದೇ ಮಲೇರಿಯಾ, ಅದೇ ಕೆಸರು, ಅದೇ ನಿದ್ರೆಗೇಡಿನಲ್ಲೇ ಇದ್ದರು, ಸುಖದಲ್ಲಿರಲಿಲ್ಲ. ಆದರೆ ಸುಮಾರು ಆರು ವಾರ ಮುಂಚೂಣಿ, ಆಮೇಲೆ ಹಿಂದಕ್ಕೆ, ಒಂದು ವಾರ ಸಿಡ್ನಿಯಲ್ಲಿ ರಜೆ, ಆಮೇಲೆ ಮತ್ತೆ ಮುಂಚೂಣಿ ಎಂಬ ಕ್ರಮ ಮೆರೀನ್ ತುಕಡಿಗಳಲ್ಲಿ ಬೆಳೆಯಿತು. ಜೋ ಫಾಸ್ ಎಂಬ ಮೆರೀನ್ ಪೈಲಟ್ ಮಲೇರಿಯಾದಿಂದ ನಲುಗಿ ಸಿಡ್ನಿಗೆ ಹೋಗಿ, ಚೇತರಿಸಿಕೊಂಡು, 1943ರ ಜನವರಿಯಲ್ಲಿ ಮತ್ತೆ ಬಂದು ತಾನು ಉರುಳಿಸಿದ ವಿಮಾನಗಳ ಲೆಕ್ಕವನ್ನು 26ಕ್ಕೆ ಮುಟ್ಟಿಸಿದ. ಆಮೇಲೆ ಮನೆಗೆ. ಜಿಮ್ಮಿ ಥ್ಯಾಚ್ ಎಂಬಾತ ಝೀರೋವನ್ನು ಎದುರಿಸುವ ಹೊಸ ತಂತ್ರ ಕಂಡುಹಿಡಿದು ಮಿಡ್‌ವೇಯಲ್ಲಿ ಅದನ್ನು ಬಳಸಿ ತೋರಿಸಿದ ಕೂಡಲೇ ಅವನನ್ನು ಪಾಠ ಹೇಳಲು ಫ್ಲಾರಿಡಾಕ್ಕೆ ಕಳಿಸಿದರು. ಅವನು ಇನ್ನೂ ಹತ್ತು ವಿಮಾನ ಉರುಳಿಸಬಹುದಿತ್ತು ಎಂಬ ಲೆಕ್ಕ ಅವರು ಹಾಕಲಿಲ್ಲ. ಅವನಿಂದ ಕಲಿತವರು ಎಷ್ಟು ಉರುಳಿಸುತ್ತಾರೆ ಎಂಬ ಲೆಕ್ಕ ಹಾಕಿದರು. ಪೈಲಟ್‌ಗಳ ಜೊತೆ ಇರುತ್ತಿದ್ದ ವೈದ್ಯರು ಈತ ಈಗ ಹಾರಬಾರದು ಅಂದರೆ ಆ ಮಾತಿಗೆ ಬೆಲೆ ಇತ್ತು.

ಅಮೆರಿಕ ಶ್ರೀಮಂತ ದೇಶ, ಅದಕ್ಕೆ ಸಾಧ್ಯವಾಯಿತು ಎಂದು ನೀವು ಹೇಳಬಹುದು. ಅದು ನಿಜ. ಆದರೆ 1942ರ ಆ ತಿಂಗಳುಗಳಲ್ಲಿ ಅವರಿಗೂ ಪೈಲಟ್‌ಗಳ ಕೊರತೆ ಇತ್ತು. ಕೊರತೆಯಲ್ಲೇ ಅನುಭವಿಗಳನ್ನು ಹಿಂದಕ್ಕೆ ಕರೆದರು ಅನ್ನುವುದನ್ನು ನಾವು ಗಮನಿಸಬೇಕು.

ರಬೌಲ್ ವಿಷಯದಲ್ಲಿ ಇನ್ನೊಂದು ಮಾತಿದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 1944ರ ಫೆಬ್ರವರಿ 17ರಂದು ಟ್ರುಕ್ ಎಂಬ ಜಪಾನಿ ನೆಲೆಯ ಮೇಲೆ ಅಮೆರಿಕನ್ನರ ದೊಡ್ಡ ದಾಳಿಯಾದ ಮೇಲೆ, ರಬೌಲ್‌ನಲ್ಲಿ ಉಳಿದಿದ್ದ ಹಾರಬಲ್ಲ ವಿಮಾನಗಳನ್ನು ಹಿಂದೆ ಕರೆಸಿಕೊಂಡರು. ಪೈಲಟ್‌ಗಳು ಹೋದರು. ಮೆಕ್ಯಾನಿಕ್‌ಗಳು ಅಲ್ಲೇ ಉಳಿದರು. ಎರಡು ವರ್ಷ ಬೂದಿಯಲ್ಲಿ, ಮಳೆಯಲ್ಲಿ ಎಂಜಿನ್ ಬಿಚ್ಚಿ ಕಟ್ಟಿ ಕೈ ಪಳಗಿದ್ದವರು. ರಬೌಲ್‌ನಲ್ಲಿ ಸಿಕ್ಕಿಬಿದ್ದ 90 ಸಾವಿರಕ್ಕೂ ಹೆಚ್ಚು ಜನರ ನಡುವೆ ಅವರು ಯುದ್ಧ ಮುಗಿಯುವವರೆಗೆ ಹೊಲ ಮಾಡಿಕೊಂಡು, ಸುರಂಗ ಅಗೆದುಕೊಂಡು ಇದ್ದರು. ಅತ್ತ ತಾಯ್ನಾಡಿನಲ್ಲಿ ಹೊಸ ವಿಮಾನಗಳು ನುರಿತ ಕೈ ಇಲ್ಲದೆ ಕೆಟ್ಟು ನಿಲ್ಲುತ್ತಿದ್ದವು. ಅದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲಿ, ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ನರ ದುರಸ್ತಿ ನೆಲೆಯಾಗಿತ್ತು. 1943ರಿಂದ ಅಲ್ಲಿ ಕ್ಯಾಟಲೀನಾ ಎಂಬ ಕಡಲ ವಿಮಾನಗಳೂ ಸೇರಿದಂತೆ ಎಷ್ಟೋ ವಿಮಾನಗಳು ಬಂದು, ಬಿಚ್ಚಿ, ತೊಳೆದು, ಹೊಸದಾಗಿ ಹೋಗುತ್ತಿದ್ದವು. ಯಂತ್ರಕ್ಕೂ ಅವರು ಒಂದು ಹಿಂದಿನ ಊರು ಇಟ್ಟಿದ್ದರು. ಆ ಹಿಂದಿನ ಊರುಗಳಲ್ಲಿ ಒಂದು ನಮ್ಮದು.

ಇಲ್ಲಿಯವರೆಗೆ ರಜೆಯ ಮಾತು. ಈಗ ಹಾರಾಟದ ನಿಯಮಗಳು ಬಿಗಿಯಾದ ಬಗೆ. ಇದು ನನಗೆ ಇನ್ನೂ ದುಃಖದ ಭಾಗ, ಯಾಕೆಂದರೆ ರಜೆ ಇಲ್ಲದವನಿಗೆ ಕಡೇಪಕ್ಷ ಕೆಲಸವಾದರೂ ಇರುತ್ತದೆ. ಇವರಿಗೆ ಅದೂ ಕಡಿಮೆಯಾಗುತ್ತಾ ಹೋಯಿತು.

1944ರ ಮೇ ತಿಂಗಳು. ಅಡ್ಮಿರಲ್ ಒಜ಼ಾವಾ ಜಪಾನಿನ ಹೊಸ ವಿಮಾನವಾಹಕ ಪಡೆಯನ್ನು ಫಿಲಿಪ್ಪೀನ್ಸಿನ ದಕ್ಷಿಣ ತುದಿಯ ತಾವಿ ತಾವಿ ಎಂಬಲ್ಲಿ ಸೇರಿಸಿದರು. ಅಲ್ಲೇ ಯಾಕೆ? ಹತ್ತಿರದ ಬೋರ್ನಿಯೊದಲ್ಲಿ ತೈಲಬಾವಿಗಳಿದ್ದವು. ತಾಯ್ನಾಡಿಗೆ ತೈಲ ಒಯ್ಯುವ ಹಡಗುಗಳನ್ನು ಅಮೆರಿಕದ ಜಲಾಂತರ್ಗಾಮಿಗಳು ಒಂದೊಂದಾಗಿ ಮುಳುಗಿಸುತ್ತಿದ್ದವು. ತೈಲ ಬಾರದಿದ್ದರೆ ಹಡಗೇ ತೈಲದ ಬಳಿ ಹೋಗಬೇಕಾಯಿತು. ನೌಕೆಗಳ ಮೇಲಿದ್ದ ಪೈಲಟ್‌ಗಳಲ್ಲಿ ಒಂದು ವಿಭಾಗಕ್ಕೆ ಆರು ತಿಂಗಳ ತರಬೇತಿ, ಇನ್ನೊಂದಕ್ಕೆ ಮೂರು, ಮತ್ತೊಂದಕ್ಕೆ ಎರಡೇ ತಿಂಗಳು. ಉಳಿದದ್ದನ್ನು ಅಲ್ಲಿ ಕಲಿಸಬೇಕಿತ್ತು.

ಆದರೆ ತಾವಿ ತಾವಿಯಲ್ಲಿ ದಡದ ಮೇಲೆ ವಿಮಾನ ನಿಲ್ದಾಣವಿಲ್ಲ. ಹಾರಬೇಕಾದರೆ ನೌಕೆ ಹೊರ ಕಡಲಿಗೆ ಹೋಗಿ, ಗಾಳಿಗೆ ಎದುರಾಗಿ ವೇಗವಾಗಿ ಓಡಬೇಕು, ಆಗಲೇ ತುಂಬಿದ ವಿಮಾನ ಡೆಕ್ಕಿನಿಂದ ಏಳಬಲ್ಲದು. ಸಮಭಾಜಕಕ್ಕೆ ಹತ್ತಿರದ ಆ ಜಾಗದಲ್ಲಿ ಗಾಳಿಯೂ ಕಡಿಮೆ. ಹೊರಗೆ ಹೋದರೆ ಜಲಾಂತರ್ಗಾಮಿಗಳು ಕಾದಿದ್ದವು. ಅವುಗಳನ್ನು ಓಡಿಸಲು ಕಳಿಸಿದ ನಾಶಕ ನೌಕೆಗಳೇ ಹೋದವು: ಹಾರ್ಡರ್ ಎಂಬ ಒಂದೇ ಜಲಾಂತರ್ಗಾಮಿ ಜೂನ್ 6, 7, 9ರಂದು ಮೂರು ನಾಶಕಗಳನ್ನು ಮುಳುಗಿಸಿತು. ಹೀಗಾಗಿ ನೌಕೆಗಳು ಲಂಗರು ಹಾಕಿ ನಿಂತವು. ಹಾರಾಟ ಬಹುಮಟ್ಟಿಗೆ ನಿಂತುಹೋಯಿತು. ಸುಮಾರು ನಾಲ್ಕು ವಾರ.

ನೌಕೆಯ ಡೆಕ್ಕಿನ ಮೇಲೆ ಇಳಿಯುವುದು ಸೈಕಲ್ ಸವಾರಿಯ ಹಾಗೆ ಒಮ್ಮೆ ಕಲಿತರೆ ಮರೆಯದ ವಿದ್ಯೆಯಲ್ಲ. ಜಪಾನಿ ನೌಕೆಗಳಲ್ಲಿ ಇಳಿಯುವ ದಾರಿಯ ಕೋನ ತೋರಿಸಲು ಕೆಂಪು, ಹಸಿರು ದೀಪಗಳ ಸಾಲು ಇರುತ್ತಿತ್ತು. ಎರಡೂ ಸರಿಯಾದ ಜೋಡಣೆಯಲ್ಲಿ ಕಾಣುವ ಹಾಗೆ ವಿಮಾನ ಹಿಡಿದು ಬರಬೇಕು. ಕೆಳಗಿರುವ ನೆಲ ಓಡುತ್ತಿರುತ್ತದೆ, ಏಳುತ್ತಿರುತ್ತದೆ, ಬೀಳುತ್ತಿರುತ್ತದೆ. ಸಂಗೀತದವರು ದಿನಾ ಸಾಧನೆ ಬಿಟ್ಟರೆ ಕೈ ಜಡವಾಗುತ್ತದೆ ಅನ್ನುತ್ತಾರಲ್ಲ, ಇಲ್ಲಿ ಕೈ ಜಡವಾದರೆ ಜೀವ ಹೋಗುತ್ತದೆ. ನಾನು ಆ ಹುಡುಗರನ್ನು ನೆನೆಸಿಕೊಳ್ಳುತ್ತೇನೆ. ಮನೆಗೆ ಹೋಗುವಂತಿಲ್ಲ, ಹಾರುವಂತಿಲ್ಲ. ಬಿಸಿ ತಗಡಿನ ಹಡಗಿನಲ್ಲಿ ಕೂತು, ಎರಡು ತಿಂಗಳಲ್ಲಿ ಕಲಿತಿದ್ದ ಅಷ್ಟನ್ನೂ ದಿನದಿನಕ್ಕೆ ಕಳೆದುಕೊಳ್ಳುತ್ತಿದ್ದರು. ತಾವು ಕಳೆದುಕೊಳ್ಳುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು.

ಜೂನ್ 13ರಂದು ಅಲ್ಲಿಂದ ಹೊರಟರು. 19ರಂದು ಮರಿಯಾನಾ ದ್ವೀಪಗಳ ಹತ್ತಿರ ಕದನ. ಎರಡು ವರ್ಷದಷ್ಟು ತರಬೇತಿ, 300 ಗಂಟೆಗೂ ಹೆಚ್ಚು ಹಾರಾಟ ಮುಗಿಸಿ ಬಂದ ಅಮೆರಿಕನ್ ಪೈಲಟ್‌ಗಳ ಎದುರು ಇವರು. ಒಜ಼ಾವಾ ಬಳಿ ಸುಮಾರು 430 ವಿಮಾನಗಳಿದ್ದವು. ಮರುದಿನ ಸಂಜೆಗೆ ಹಾರಬಲ್ಲವು 35 ಉಳಿದವು.

ಅದೇ 20ರ ರಾತ್ರಿಯ ಇನ್ನೊಂದು ಘಟನೆ ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಸಂಜೆ ಹೊತ್ತಿಗೆ ಅಮೆರಿಕದ ಅಡ್ಮಿರಲ್ ಮಿಚರ್ 200ಕ್ಕೂ ಹೆಚ್ಚು ವಿಮಾನಗಳನ್ನು ಬಹಳ ದೂರಕ್ಕೆ ಕಳಿಸಿದ್ದರು. ಮರಳುವಾಗ ಕಗ್ಗತ್ತಲು, ಪೆಟ್ರೋಲ್ ಮುಗಿಯುತ್ತಾ ಬಂದಿತ್ತು, ಹೆಚ್ಚಿನವರಿಗೆ ರಾತ್ರಿ ಇಳಿದ ಅಭ್ಯಾಸವಿಲ್ಲ. ಯುದ್ಧಕಾಲದ ನಿಯಮ ಸ್ಪಷ್ಟ: ರಾತ್ರಿ ಕಡಲಿನಲ್ಲಿ ದೀಪ ಹಚ್ಚಬಾರದು, ಶತ್ರು ಜಲಾಂತರ್ಗಾಮಿಗೆ ಗುರಿ ಕಾಣುತ್ತದೆ. ಮಿಚರ್ ದೀಪ ಹಚ್ಚಲು ಹೇಳಿದರು. ಇಡೀ ನೌಕಾಪಡೆ ದೀಪ ಹಚ್ಚಿತು, ಸರ್ಚ್‌ಲೈಟ್ ಆಕಾಶಕ್ಕೆ ತಿರುಗಿಸಿತು. ಆದರೂ ಸುಮಾರು 80 ವಿಮಾನಗಳು ಕಡಲಿಗೆ ಬಿದ್ದವು, ಡೆಕ್ಕಿನ ಮೇಲೆ ಅಪ್ಪಳಿಸಿದವು. ಆದರೆ ರಾತ್ರಿಯಿಡೀ, ಮರುದಿನವೂ ಹುಡುಕಿ ಹುಡುಕಿ ನೀರಿನಿಂದ ಜನರನ್ನು ಎತ್ತಿದರು. ಆ ಇಡೀ ಹಾರಾಟದಲ್ಲಿ ಕಳೆದುಕೊಂಡವರು 49. ವಿಮಾನ ಹೋದರೆ ಹೋಗಲಿ, ಪೈಲಟ್ ಬೇಕು ಎಂಬುದನ್ನು ನಾಯಕನಾದವನು ತನ್ನ ಹಡಗುಗಳನ್ನು ಒತ್ತೆಯಿಟ್ಟು ತೋರಿಸಿದ. ಮರುದಿನ ಮತ್ತೆ ಹಾರಲು ಹೊರಟ ಹುಡುಗನಿಗೆ ಇದು ಯಾವ ಭಾಷಣಕ್ಕಿಂತ ದೊಡ್ಡದಾಗಿರಬೇಕು.

ಜಪಾನಿಗೆ ಮರಳೋಣ. ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಿದರು. ಪೈನ್ ಮರದ ಬೇರಿನಿಂದ ಎಣ್ಣೆ ತೆಗೆಯಲು ಶಾಲೆಯ ಮಕ್ಕಳು, ಹೆಂಗಸರು, ಮುದುಕರನ್ನೆಲ್ಲ ಕಾಡಿಗೆ ಕಳಿಸಿದರು. ‘200 ಪೈನ್ ಬೇರು, ಒಂದು ವಿಮಾನಕ್ಕೆ ಒಂದು ಗಂಟೆ’ ಎಂಬುದು ಆಗಿನ ಘೋಷಣೆ. 700 ಗಂಟೆ ಹಾರಿದ ಪೈಲಟ್‌ಗಳಿದ್ದ ದೇಶ ಬೇರು ಎಣಿಸುವ ಹಂತಕ್ಕೆ ಬಂದಿತ್ತು. 1945ರ ಮಾರ್ಚ್‌ನಲ್ಲಿ ತರಬೇತಿ ತುಕಡಿಗಳನ್ನು ಒಟ್ಟು ಸೇರಿಸಿ 10ನೇ ವಾಯುಪಡೆ ಎಂದು ಮಾಡಿ, ಮರಳದ ದಾಳಿಗೆ, ಅಂದರೆ ವಿಮಾನದ ಸಮೇತ ಶತ್ರು ಹಡಗಿಗೆ ಅಪ್ಪಳಿಸುವ ಆತ್ಮಾಹುತಿ ದಾಳಿಗೆ ಮೀಸಲಿಟ್ಟರು. ಶಿರಾಗಿಕು ಎಂಬ ನಿಧಾನ ಗತಿಯ ತರಬೇತಿ ವಿಮಾನವಿತ್ತು. ಶಿರಾಗಿಕು ಎಂದರೆ ಬಿಳಿ ಸೇವಂತಿಗೆ. ಆ ಬಿಳಿ ಸೇವಂತಿಗೆಗೂ ಬಾಂಬು ಕಟ್ಟಿ ಮೇ ತಿಂಗಳಲ್ಲಿ ಒಕಿನಾವಾಕ್ಕೆ ಕಳಿಸಿದರು. ಯೊಕಾರೆನ್ ಹುಡುಗರಲ್ಲಿ ಎಷ್ಟೋ ಜನ ವಿಮಾನವನ್ನೇ ಹತ್ತದೆ ಕಂದಕ ಅಗೆಯುತ್ತಾ ಯುದ್ಧ ಮುಗಿಸಿದರು. ಅವರು ಬದುಕಿದರು ಅನ್ನುವುದೊಂದು ಸಮಾಧಾನ.

ನನ್ನ ಮಾತು ಇಲ್ಲಿಗೆ ನಿಂತಿತ್ತು. ಆಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸರ್, ರಜೆ ಸಿಕ್ಕಿದವರಿಗೂ ಸಿಗದವರಿಗೂ ಒಂದೇ ಕಾಲದಲ್ಲಿ ಏನಾಯಿತು, ಒಬ್ಬೊಬ್ಬರ ಉದಾಹರಣೆ ಹೇಳುತ್ತೀರಾ?’ ಆಗ ಕೊಟ್ಟ ಉತ್ತರವನ್ನು ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

1944ರ ಅಕ್ಟೋಬರ್ ಕೊನೆ, ಫಿಲಿಪ್ಪೀನ್ಸಿನ ಆಕಾಶ. ಅಮೆರಿಕದ ಡೇವಿಡ್ ಮೆಕ್‌ಕ್ಯಾಂಪ್‌ಬೆಲ್, ಎಸ್ಸೆಕ್ಸ್ ನೌಕೆಯ ವೈಮಾನಿಕ ತಂಡದ ಮುಖ್ಯಸ್ಥ. 24ರಂದು ಒಂದೇ ಹಾರಾಟದಲ್ಲಿ 9 ವಿಮಾನಗಳನ್ನು ಉರುಳಿಸಿದರು. ಮರಳಿದಾಗ ಎಸ್ಸೆಕ್ಸ್‌ನ ಡೆಕ್ ಖಾಲಿ ಇರಲಿಲ್ಲ, ಲ್ಯಾಂಗ್ಲಿ ಎಂಬ ಬೇರೆ ನೌಕೆಯ ಮೇಲೆ ಇಳಿದರು, ಆಗ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಅವರ ತಂಡ ಮೇನಲ್ಲಿ ಕದನಕ್ಕೆ ಇಳಿದಿತ್ತು, ಆರು ತಿಂಗಳಾಗಿತ್ತು. ನವೆಂಬರಿನಲ್ಲಿ ಇಡೀ ತಂಡವನ್ನು ಮನೆಗೆ ಕಳಿಸಿದರು. ಅಮೆರಿಕ ನೌಕಾಪಡೆಯ ಅತ್ಯಂತ ಯಶಸ್ವಿ ಫೈಟರ್ ಪೈಲಟ್ ಅವರು, 34 ವಿಮಾನ. ಯುದ್ಧ ಇನ್ನೂ ನಡೆಯುತ್ತಿತ್ತು, ಆದರೂ ಕಳಿಸಿದರು. 1996ರವರೆಗೆ ಬದುಕಿದ್ದರು.

ಅದೇ ಆಕಾಶದಲ್ಲಿ ಇನ್ನೊಬ್ಬರಿದ್ದರು. ನಿಶಿಜ಼ಾವಾ ಹಿರೊಯೊಶಿ, ಸಕಾಯಿಯ ಹಳೆಯ ಜೊತೆಗಾರ, ಯೊಕಾರೆನ್‌ನಿಂದ ಬಂದವರು. 1942ರಲ್ಲಿ ರಬೌಲ್. ಸವೆದ ತುಕಡಿಯೊಂದಿಗೆ ಮನೆಗೆ, ಮತ್ತೆ 1943ರಲ್ಲಿ ರಬೌಲ್. ಈಗ ಫಿಲಿಪ್ಪೀನ್ಸ್. ಅಕ್ಟೋಬರ್ 25ರಂದು ಲೆಫ್ಟಿನೆಂಟ್ ಸೆಕಿ ಯುಕಿಯೊ ತನ್ನ ಜೊತೆಯವರೊಂದಿಗೆ ಮಬಾಲಕಾಟ್ ನೆಲೆಯಿಂದ ಮರಳದ ದಾಳಿಗೆ ಹೊರಟರು. ಸೆಕಿಗೆ ಮದುವೆಯಾಗಿ ಐದು ತಿಂಗಳಾಗಿತ್ತು. ಅವರ ಬೆಂಗಾವಲಾಗಿ ಹಾರಿದವರು ನಿಶಿಜ಼ಾವಾ. ಸೆಕಿ ಮತ್ತು ಜೊತೆಯವರು ಬಿದ್ದದ್ದನ್ನು ಕಣ್ಣಾರೆ ಕಂಡು ನಿಶಿಜ಼ಾವಾ ಸೆಬು ನೆಲೆಯಲ್ಲಿ ಬಂದಿಳಿದರು. ಅಲ್ಲಿ ಅವರ ಝೀರೋವನ್ನು ಬೇರೊಬ್ಬನ ಮರಳದ ಹಾರಾಟಕ್ಕೆ ತೆಗೆದುಕೊಂಡರು. ಮರುದಿನ, 26ರಂದು, ಹೊಸ ವಿಮಾನ ತರಲು ನಿಶಿಜ಼ಾವಾ ಒಂದು ಸಾಗಣೆ ವಿಮಾನದಲ್ಲಿ ಪ್ರಯಾಣಿಕನಾಗಿ ಕೂತರು. ಮಿಂಡೊರೊ ದ್ವೀಪದ ಮೇಲೆ ಅಮೆರಿಕದ ಹೆಲ್‌ಕ್ಯಾಟ್ ಫೈಟರ್ ವಿಮಾನಗಳು ಅದನ್ನು ಹೊಡೆದುರುಳಿಸಿದವು. ನಿಶಿಜ಼ಾವಾಗೆ ಆಗ 24 ವರ್ಷ.